ಪದ ನೆನಪಿಡೋಕೆ ಚಂದಾ ಯಾಕೆ ಕಟ್ಟಬೇಕು?

ನೇರವಾಗಿ ಹೇಳಿಬಿಡ್ತೀನಿ. ಚೀನೀ ಭಾಷೆಯ ಪದಗಳನ್ನು ಫೋನಿನಲ್ಲಿ ಕಲಿಯಬೇಕು ಅಂತ ಹೊರಟಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಯಾವ ಆ್ಯಪಿಗೂ ವರ್ಷದ ಚಂದಾ ಕಟ್ಟಬಾರದು. ಆಂಕಿ ಅನ್ನೋ ಆ್ಯಪ್ ಹಾಕಿಕೊಳ್ಳಿ. ಆಂಡ್ರಾಯ್ಡ್ ಫೋನಿನಲ್ಲಿ ಅದರ ಹೆಸರು ಆಂಕಿಡ್ರಾಯ್ಡ್. ಪುಕ್ಕಟೆ, ಜಾಹೀರಾತಿಲ್ಲ, ನೆಟ್‌ವರ್ಕ್ ಇಲ್ಲದಿದ್ದರೂ ಓಡುತ್ತೆ. ಇದು ಬೇಡ, ಚೆಂದ ಕಾಣೋದು ಬೇಕು ಅನ್ನೋರಿಗೆ ನನ್ನ ತಕರಾರಿದೆ. ಆ ತಕರಾರೇ ಈ ಬರಹ.

"ಹೂಗ್ಯಂನಲ್ಲಿ ಚೈನೀಸಾ?" ಅಂತ ನಗೋರು ಮೊದಲು ನಕ್ಕು ಮುಗಿಸಲಿ. ಪೇಟೆಯವರ ಪಾಲಿಗೆ ಹೂಗ್ಯಂ ಅಂದರೆ ಕಾಡು. 2025ರ ಜೂನ್‌ನಲ್ಲಿ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಸತ್ತಾಗ ಎಲ್ಲ ಪೇಪರಿನಲ್ಲೂ ನಮ್ಮ ಹೆಸರು ಬಂತು. ಅದಕ್ಕೂ ಮುಂಚೆ ವೀರಪ್ಪನ್ ಕಾಲದಲ್ಲಿ ಈ ಸೀಮೆಯ ಹೆಸರು ಬರ್ತಿತ್ತು. ಹುಲಿ ಮತ್ತು ವೀರಪ್ಪನ್ ಬಿಟ್ಟರೆ ಇಲ್ಲಿ ಓದೋ ಮಕ್ಕಳೂ ಇದ್ದಾರೆ ಅನ್ನೋದು ಅವರಿಗೆ ಹೊಸ ಸುದ್ದಿ.

ನಮ್ಮ ಹುಡುಗರು ಎಲ್ಲಿಗೆ ಹೋಗ್ತಾರೆ? ತಿರುಪ್ಪೂರು, ಕೊಯಮತ್ತೂರು, ಕೊಡಗಿನ ತೋಟ, ಕರಿಕಲ್ಲಿನ ಕ್ವಾರಿ, ಬೆಂಗಳೂರಿನ ಗಾರ್ಮೆಂಟ್ಸ್. ಈಗ ಆ ಪಟ್ಟಿಗೆ ಫೋನ್ ಫ್ಯಾಕ್ಟರಿಯೂ ಸೇರಿದೆ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಮೊದಲು ತೈವಾನಿನ ವಿಸ್ಟ್ರಾನ್ ಕಂಪನಿಯದಾಗಿತ್ತು, 2023ರಲ್ಲಿ ಟಾಟಾ ಕೈಗೆ ಬಂತು. ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಬಂದಿದೆ, ಅದರ ಮೂಲವೂ ತೈವಾನ್. ತೈವಾನ್, ಚೀನಾ ಎರಡೂ ಕಡೆ ಆಡಳಿತದ ಭಾಷೆ ಮ್ಯಾಂಡರಿನ್, ಅಂದರೆ ನಾವು ಸುಮ್ಮನೆ ಚೈನೀಸ್ ಅನ್ನೋದು. 2020ರಲ್ಲಿ ನಿಂತುಹೋಗಿದ್ದ ಭಾರತ ಚೀನಾ ನಡುವಿನ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಮತ್ತೆ ಹಾರಿತು. ಇಷ್ಟೆಲ್ಲ ನೋಡಿದ ಡಿಪ್ಲೊಮಾ ಹುಡುಗ "ನಾಲ್ಕು ಪದ ಕಲಿತರೆ ಲೈನಿನಲ್ಲಿ ನಿಲ್ಲೋ ಬದಲು ಮಷೀನ್ ರಿಪೇರಿ ಕಡೆಗಾದ್ರೂ ಹೋಗಬಹುದಾ" ಅಂತ ಯೋಚಿಸಿದರೆ ಅದರಲ್ಲಿ ತಪ್ಪೇನು?

ಭಾಷೆ ನಮಗೆ ಭಯದ ಮಾತೂ ಅಲ್ಲ. ಗರಿಕೆಕಂಡಿ ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡು. ಇಲ್ಲಿ ಕನ್ನಡದ ಮನೆಯವರು ತಮಿಳಿನಲ್ಲಿ ವ್ಯಾಪಾರ ಮಾಡ್ತಾರೆ, ತಮಿಳಿನ ಮನೆಯವರು ಕನ್ನಡದಲ್ಲಿ ಪಂಚಾಯ್ತಿ ಅರ್ಜಿ ಬರೀತಾರೆ, ಪೋಡಿನಲ್ಲಿ ಸೋಲಿಗರ ನುಡಿ ಇದೆ. ಯಾರೂ ಚಂದಾ ಕಟ್ಟಿ ಕಲಿತದ್ದಲ್ಲ. ಮಾದಪ್ಪನ ಬೆಟ್ಟದ ದೇವರಗುಡ್ಡರು ಕಂಸಾಳೆ ಹಿಡಿದು ಇಡೀ ರಾತ್ರಿ ಕಥೆ ಹಾಡ್ತಾರಲ್ಲ, ಪುಸ್ತಕ ನೋಡಿಯಾ? ನೆನಪಿನ ಶಕ್ತಿ ನಮಗೆ ಕಮ್ಮಿ ಇಲ್ಲ. ಕಮ್ಮಿ ಇರೋದು ದುಡ್ಡು, ಸಿಗ್ನಲ್ಲು, ಹೊತ್ತು. ಈ ಮೂರನ್ನೇ ತಿನ್ನೋ ಆ್ಯಪನ್ನು ನಮ್ಮ ಮಕ್ಕಳಿಗೆ ಮಾರ್ತಿದ್ದಾರೆ ಅನ್ನೋದೇ ನನ್ನ ಸಿಟ್ಟು.

ಕೆಲಸ ಮಾಡೋದು ಆ್ಯಪ್ ಅಲ್ಲ, ಅಂತರ

ಎಲ್ಲ ಪದ ಕಲಿಸುವ ಆ್ಯಪ್‌ಗಳ ಒಳಗೂ ಇರೋ ಗುಟ್ಟು ಒಂದೇ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಪೇಸ್ಡ್ ರಿಪಿಟಿಷನ್ ಅಂತಾರೆ. ನಾವು ಅಂತರ ಬಿಟ್ಟು ಮೆಲುಕು ಹಾಕೋದು ಅನ್ನೋಣ.

ಅರಿಶಿನದ ಮಡಿಗೋ ಬಾಳೆ ಕಂದಿಗೋ ನೀರು ಕಟ್ಟೋರಿಗೆ ಇದು ಬೇಗ ಅರ್ಥವಾಗುತ್ತೆ. ಹೊಸದಾಗಿ ನೆಟ್ಟ ಸಸಿಗೆ ಪದೇ ಪದೇ ನೀರು. ಬೇರು ಬಿಟ್ಟ ಮೇಲೆ ವಾರಕ್ಕೊಮ್ಮೆ. ಮರವಾದರೆ ಬೇಸಿಗೆಯಲ್ಲಿ ಒಂದೆರಡು ಸಲ ಸಾಕು. ಪದವೂ ಹಾಗೇ. ಇವತ್ತು ಕಲಿತದ್ದನ್ನು ನಾಳೆ ಒಮ್ಮೆ ಕೇಳಬೇಕು, ನೆನಪಿದ್ದರೆ ಮೂರ್ನಾಲ್ಕು ದಿನ ಬಿಟ್ಟು, ಆಮೇಲೆ ಹತ್ತು ದಿನ, ಆಮೇಲೆ ತಿಂಗಳು. ಮರೆತರೆ ಮತ್ತೆ ಮೊದಲಿಂದ. ಒಂದೇ ದಿನ ನೂರು ಸಲ ಬರೆಯೋದು ಸಸಿಗೆ ಒಂದೇ ದಿನ ಕೆರೆ ನೀರೆಲ್ಲ ಬಿಟ್ಟಂತೆ.

ಇದು ಯಾವ ಸ್ಟಾರ್ಟಪ್ಪಿನ ಆವಿಷ್ಕಾರವೂ ಅಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರದ ಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಲೆಕ್ಕ ಹಾಕಿ 1885ರಲ್ಲಿ ಪುಸ್ತಕ ಬರೆದ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನೋ ಪತ್ರಕರ್ತ ಚೀಟಿ ಮತ್ತು ಡಬ್ಬಿಯಲ್ಲಿ ಇದನ್ನು ಮಾಡೋ ದಾರಿ ತೋರಿಸಿದ. 1987ರಲ್ಲಿ ಪೋಲೆಂಡಿನ ಪಿಯೊತ್ರ್ ವೊಜ್ನಿಯಾಕ್ ಕಂಪ್ಯೂಟರಿನಲ್ಲಿ ಆ ಲೆಕ್ಕ ಓಡಿಸಿದ. ಅವನ ಲೆಕ್ಕವನ್ನೇ ತಿದ್ದಿ ಬಳಸಿಕೊಂಡು 2006ರಲ್ಲಿ ಡೇಮಿಯನ್ ಎಲ್ಮ್ಸ್ ಆಂಕಿ ಮಾಡಿದ. ಆಂಕಿ ಅಂದರೆ ಜಪಾನಿ ಭಾಷೆಯಲ್ಲಿ ಬಾಯಿಪಾಠ. 2023ರ ಕೊನೆಯಲ್ಲಿ ಅದಕ್ಕೆ ಎಫ್‌ಎಸ್‌ಆರ್‌ಎಸ್ ಅನ್ನೋ ಹೊಸ ಲೆಕ್ಕ ಸೇರಿತು. ಅದನ್ನು ಮೊದಲು ರೂಪಿಸಿದ್ದು ಚೀನಾದ ಜ್ಯಾರೆಟ್ ಯೆ, ಚೀನೀಯರಿಗೆ ಇಂಗ್ಲಿಷ್ ಪದ ಕಲಿಸುವ ಆ್ಯಪ್ ಒಂದರಲ್ಲಿ ಕೆಲಸ ಮಾಡಿದವರು. ಅವರು ಇಂಗ್ಲಿಷ್ ಕಲಿಯೋಕೆ ಬಳಸಿದ ಲೆಕ್ಕ ನಮಗೆ ಚೈನೀಸ್ ಕಲಿಯೋಕೆ ಪುಕ್ಕಟೆ ಸಿಗ್ತಿದೆ.

ನೂರು ವರ್ಷಕ್ಕೂ ಹಳೆಯ ತಿಳಿವಳಿಕೆ, ಎಲ್ಲರಿಗೂ ತೆರೆದಿಟ್ಟ ಲೆಕ್ಕ. ಇದನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ತಿಂಗಳಿಗಿಷ್ಟು ಅಂತ ಮಾರಿದರೆ ನಾವು ಯಾಕೆ ಕೊಳ್ಳಬೇಕು?

ಐದು ಪ್ರಶ್ನೆ ಕೇಳಿ

ಯಾವ ಆ್ಯಪೇ ಆಗಲಿ, ಹಾಕಿಕೊಳ್ಳೋ ಮುಂಚೆ ಈ ಐದನ್ನು ಕೇಳಿ. ಬೆಂಗಳೂರಿನ ಹುಡುಗ ಕೇಳೋ ಪ್ರಶ್ನೆ ಬೇರೆ ಇರಬಹುದು. ಇವು ನಮ್ಮವು.

ಒಂದು: ಡೇಟಾ ಆಫ್ ಮಾಡಿದರೆ ಓಡುತ್ತಾ? ಕಾಡಂಚಿನ ಊರಿನಲ್ಲಿ ಸಿಗ್ನಲ್ ಇರೋದು ಒಂದು ಕಲ್ಲಿನ ಮೇಲೆ, ಒಂದು ಮರದ ಕೆಳಗೆ. ಪದ ನೋಡೋ ಹೊತ್ತು ಸಿಗೋದು ಬಸ್ಸಿನಲ್ಲಿ, ದನದ ಹಿಂದೆ, ಬೆಳೆ ಕಾವಲಿನ ಅಟ್ಟಣೆಯಲ್ಲಿ. ಅಲ್ಲಿ ಓಡದ ಆ್ಯಪ್ ನಮಗೆ ಆ್ಯಪೇ ಅಲ್ಲ.

ಎರಡು: ನನ್ನ ಪದವನ್ನು ನಾನೇ ಸೇರಿಸಬಹುದಾ? ಕೆಲಸದ ಜಾಗದಲ್ಲಿ ಬೇಕಾಗೋದು ಸ್ಕ್ರೂ, ಕೈಗವಸು, ಪಾಳಿ, ಎಚ್ಚರಿಕೆ, ಸಂಬಳದ ಚೀಟಿ. ಆ್ಯಪಿನವರು ಕಲಿಸೋದು ಕಾಫಿ, ವಿಮಾನ ನಿಲ್ದಾಣ, ಪಾಂಡಾ.

ಮೂರು: ಅರ್ಥವನ್ನು ಕನ್ನಡದಲ್ಲಿ ಬರೆದುಕೊಳ್ಳಬಹುದಾ?

ನಾಲ್ಕು: ನಾನು ಕಲಿತದ್ದು ನನ್ನ ಕೈಯಲ್ಲಿ ಇರುತ್ತಾ? ಫೋನ್ ಒಡೆದರೆ, ಕಂಪನಿ ಮುಚ್ಚಿದರೆ, ಸರ್ಕಾರ ನಿಷೇಧಿಸಿದರೆ ಏನು? 2020ರ ಜೂನ್ 29ರ ರಾತ್ರಿ ನೆನಪಿದೆಯಲ್ಲ. 59 ಚೀನೀ ಆ್ಯಪ್‌ಗಳನ್ನು ಒಂದೇ ಆದೇಶದಲ್ಲಿ ನಿಲ್ಲಿಸಿದರು. ಟಿಕ್‌ಟಾಕ್‌ನಲ್ಲಿ ಹೆಸರು ಮಾಡಿದ್ದ ಹಳ್ಳಿ ಹುಡುಗರ ವಿಡಿಯೊ, ಅಭಿಮಾನಿಗಳು ಎಲ್ಲಾ ಹೋಯ್ತು. ಆದೇಶ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ಬೇರೆಯವರ ಜಮೀನಿನಲ್ಲಿ ಬೆಳೆ ಇಟ್ಟರೆ ಕೊಯ್ಲು ನಮ್ಮದಲ್ಲ ಅನ್ನೋದಷ್ಟೇ ಪಾಠ.

ಐದು: ದುಡ್ಡು ಒಮ್ಮೆಯಾ, ತಿಂಗಳು ತಿಂಗಳಾ?

ಈಗ ಒಂದೊಂದಾಗಿ ನೋಡೋಣ.

ಡ್ಯುಯೊಲಿಂಗೊ ಎಲ್ಲರಿಗೂ ಗೊತ್ತು, ಹಸಿರು ಗೂಬೆ. 2017ರ ಕೊನೆಯಲ್ಲಿ ಅದರಲ್ಲಿ ಚೈನೀಸ್ ಬಂತು. ಪುಕ್ಕಟೆ ಬಳಸಿದರೆ ಜಾಹೀರಾತು ನೋಡಬೇಕು, ಜಾಹೀರಾತು ಬೇಡವೆಂದರೆ ಚಂದಾ. ಮರೆವಿನ ಲೆಕ್ಕದ ಬಗ್ಗೆ 2016ರಲ್ಲಿ ಒಳ್ಳೆಯ ಸಂಶೋಧನಾ ಪ್ರಬಂಧ ಬರೆದವರು ಅವರೇ, ಒಪ್ತೀನಿ. ಆದರೆ ನಿಮ್ಮ ಪದ ನೀವು ಸೇರಿಸೋಕೆ ಆಗಲ್ಲ. ಅವರು ಹಾಕಿದ ಹಾದಿಯಲ್ಲೇ ನಡೀಬೇಕು. ಐದರಲ್ಲಿ ಎರಡನೆಯದಕ್ಕೇ ಸೋಲು.

ಮೆಮ್‌ರೈಸ್ ಒಂದು ಕಾಲಕ್ಕೆ ಜನ ತಾವೇ ಕೋರ್ಸ್ ಕಟ್ಟಿ ಹಂಚಿಕೊಳ್ಳೋ ಜಾಗವಾಗಿತ್ತು. ಆಮೇಲೆ ಕಂಪನಿ ಮನಸ್ಸು ಬದಲಾಯಿಸಿ, ಜನ ಕಟ್ಟಿದ್ದ ಆ ಕೋರ್ಸ್‌ಗಳನ್ನು ಮುಖ್ಯ ಆ್ಯಪ್‌ನಿಂದ ಹೊರಗೆ ಸರಿಸಿತು. ನಾಲ್ಕನೆಯ ಪ್ರಶ್ನೆ ಯಾಕೆ ಕೇಳಬೇಕು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಸ್ಕ್ರಿಟರ್ ಅನ್ನೋದು ಚೀನೀ ಅಕ್ಷರ ಕೈಯಲ್ಲಿ ತಿದ್ದಿಸುತ್ತೆ, ಚೆನ್ನಾಗಿ ತಿದ್ದಿಸುತ್ತೆ, ಆದರೆ ಚಂದಾ. ಫ್ಯಾಕ್ಟರಿಗೆ ಹೋಗೋನಿಗೆ ಅಕ್ಷರ ಗುರುತು ಹಿಡಿಯೋಕೆ ಬಂದರೆ ಸಾಕು, ಕೈಬರಹದ ಪರೀಕ್ಷೆ ಯಾರೂ ಇಡಲ್ಲ.

ಪ್ಲೆಕೊ ಹಾಕಿಕೊಳ್ಳಲೇಬೇಕು. ಅದು ಚೈನೀಸ್ ನಿಘಂಟು. ಮೂಲ ನಿಘಂಟು ಪುಕ್ಕಟೆ, ನೆಟ್ ಬೇಡ. ಪದದ ಚೀಟಿಗಳ ಭಾಗ ಬೇಕಾದರೆ ಒಮ್ಮೆ ದುಡ್ಡು ಕೊಟ್ಟು ಕೊಳ್ಳಬೇಕು, ತಿಂಗಳ ಚಂದಾ ಇಲ್ಲ. ಅದು ಮರ್ಯಾದೆಯ ವ್ಯಾಪಾರ. ನಿಘಂಟಾಗಿ ಪ್ಲೆಕೊ, ಮೆಲುಕಿಗೆ ಆಂಕಿ. ಜೋಡೆತ್ತು.

ಆಂಕಿಡ್ರಾಯ್ಡ್ ಐದೂ ಪ್ರಶ್ನೆಗೆ ಹೌದು ಅನ್ನುತ್ತೆ. ಸ್ವಯಂಸೇವಕರು ಕಟ್ಟಿದ್ದು, ಅದರ ಕೋಡ್ ಬಹಿರಂಗ. ಚೀಟಿಗಳ ಕಟ್ಟನ್ನು ಅಲ್ಲಿ ಡೆಕ್ ಅಂತಾರೆ. ಅದು ಒಂದು ಫೈಲು. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬಹುದು, ಬ್ಲೂಟೂತಿನಲ್ಲೂ ಕೊಡಬಹುದು. ಎರಡು ಎಚ್ಚರಿಕೆ. ಐಫೋನಿಗೆ ಇದರ ಆ್ಯಪ್ ಪುಕ್ಕಟೆ ಅಲ್ಲ, ಒಮ್ಮೆಗೆ 25 ಡಾಲರ್ ಹತ್ತಿರ. ನಮ್ಮಲ್ಲಿ ಐಫೋನ್ ಜೋಡಿಸೋರು ಇದ್ದಾರೆ, ಇಟ್ಟುಕೊಂಡಿರೋರು ಕಮ್ಮಿ, ಹಾಗಾಗಿ ಚಿಂತೆ ಇಲ್ಲ. ಇನ್ನೊಂದು, ಪ್ಲೇಸ್ಟೋರಿನಲ್ಲಿ ಆಂಕಿ ಅನ್ನೋ ಪದ ಸೇರಿಸಿಕೊಂಡ, ಇದಕ್ಕೆ ಸಂಬಂಧವಿಲ್ಲದ ಬೇರೆ ಆ್ಯಪ್‌ಗಳೂ ಇವೆ, ಚಂದಾ ಕೇಳ್ತವೆ. ಹೆಸರು ಪೂರ್ತಿ ನೋಡಿ: ಆಂಕಿಡ್ರಾಯ್ಡ್.

ಚಂದಾದ ಬಲೆ

"ಏಳು ದಿನ ಫ್ರೀ" ಅನ್ನೋ ಮಾತಿಗೆ ಬೀಳೋರು ಓದಿದವರೇ. ಏಳು ದಿನಕ್ಕೆ ಅಂತ ಒಪ್ಪಿಗೆ ಒತ್ತಿದಾಗ ನೀವು ಕೊಟ್ಟದ್ದು ಎಂಟನೇ ದಿನ ಪೂರ್ತಿ ವರ್ಷದ ದುಡ್ಡು ಎಳೆದುಕೊಳ್ಳೋ ಅನುಮತಿ. 2020ರಿಂದ ಯುಪಿಐನಲ್ಲೂ ಆಟೊಪೇ ಇದೆ, ಒಮ್ಮೆ ಪಿನ್ ಹಾಕಿದರೆ ಆಮೇಲೆ ಕೇಳದೆ ಕಡಿತ. ಕಡಿತಕ್ಕೆ 24 ಗಂಟೆ ಮುಂಚೆ ಸಂದೇಶ ಕಳಿಸಬೇಕು ಅನ್ನೋ ರಿಸರ್ವ್ ಬ್ಯಾಂಕ್ ನಿಯಮ 2021ರಿಂದ ಇದೆ. ಆದರೆ ಸಂದೇಶ ಇಂಗ್ಲಿಷಿನಲ್ಲಿ ಬರುತ್ತೆ, ಸಿಮ್ಮು ಅಪ್ಪನ ಹೆಸರಲ್ಲಿ ಇರುತ್ತೆ, ಅಪ್ಪ ಹೊಲದಲ್ಲಿ ಇರ್ತಾರೆ.

ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲಲ್ಲ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಪ್ಲೇಸ್ಟೋರಿನಲ್ಲಿ ನಿಮ್ಮ ಫೋಟೊ ಒತ್ತಿ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್ ಒಳಗೆ ಹೋಗಿ, ಅಲ್ಲಿ ಕ್ಯಾನ್ಸಲ್ ಮಾಡಬೇಕು. ಯುಪಿಐ ಆ್ಯಪಿನಲ್ಲೂ ಆಟೊಪೇ ಪಟ್ಟಿ ಒಮ್ಮೆ ತೆಗೆದು ನೋಡಿ. ನೀವು ಮರೆತಿದ್ದು ಅಲ್ಲಿ ಕೂತಿರಬಹುದು. ಮನೆ ಖರ್ಚಿನ ಖಾತೆಯಿಂದ ಹೋಗೋ ದುಡ್ಡು ಅದು. ಹಾಲಿನ ಡೇರಿ ಬಟವಾಡೆ ಬಂದ ದಿನವೇ ಕಡಿತ ಆದರೆ ಬೈಗುಳ ತಿನ್ನೋದು ಕಲಿಯೋ ಮಗುವೇ. "ಓದು ಓದು ಅಂತ ಫೋನ್ ಕೊಟ್ರೆ ಹಿಂಗಾ ಮಾಡಾದು?" ಅಂದರೆ ಮುಗೀತು, ಆ ಮನೆಯಲ್ಲಿ ಚೈನೀಸೂ ಇಲ್ಲ, ಫೋನೂ ಇಲ್ಲ. ಹುಡುಗಿಯಾದರೆ ಎರಡನೇ ಸಲ ಫೋನ್ ಕೈಗೆ ಸಿಗೋದು ಯಾವಾಗಲೋ.

"ಆದರೆ ಸ್ಟ್ರೀಕ್ ಇದ್ರೆ ಹುಮ್ಮಸ್ಸು ಬರುತ್ತಲ್ಲ?"

ಎದುರು ವಾದಗಳನ್ನೂ ಕೇಳೋಣ. ಆಟದ ಥರ ಇದ್ದರೆ ಮಕ್ಕಳು ದಿನಾ ಬರ್ತಾರೆ, ಆಂಕಿ ಬೋಳು ಬೋಳಾಗಿದೆ, ಬೇಜಾರಾಗಿ ಬಿಟ್ಟುಬಿಡ್ತಾರೆ ಅಂತ. ಅರ್ಧ ನಿಜ. ಆಂಕಿ ನೋಡೋಕೆ ಸರ್ಕಾರಿ ಆಫೀಸಿನ ಫಾರಂ ಥರ ಇದೆ. ಮೊದಲ ದಿನ ತಲೆ ಕೆಡುತ್ತೆ.

ಆದರೆ ಸ್ಟ್ರೀಕ್ ಅಳೆಯೋದು ಏನನ್ನ? ನೀವು ಎಷ್ಟು ದಿನ ಆ್ಯಪ್ ತೆಗೆದಿರಿ ಅನ್ನೋದನ್ನ. ಎಷ್ಟು ಪದ ತಲೆಯಲ್ಲಿ ಉಳೀತು ಅನ್ನೋದನ್ನಲ್ಲ. 200 ದಿನದ ಸ್ಟ್ರೀಕ್ ಇದ್ದೂ ಇನ್ನೂರು ಪದ ಬಾರದಿರಬಹುದು. ಹಾಜರಾತಿ ಪುಸ್ತಕವನ್ನು ಅಂಕಪಟ್ಟಿ ಅನ್ನೋಕಾಗಲ್ಲ.

ಇನ್ನೊಂದು ಮಾತು. ರಾಗಿ ಕುಯ್ಲು, ಮಾದಪ್ಪನ ಜಾತ್ರೆ, ಮನೆಯಲ್ಲಿ ಸಾವು ನೋವು, ಮೂರು ದಿನ ಕರೆಂಟಿಲ್ಲ. ನಮ್ಮ ಬದುಕಿನಲ್ಲಿ ದಿನ ತಪ್ಪೋದು ಸಹಜ. ಸ್ಟ್ರೀಕ್ ಮುರಿದಾಗ "ಎಲ್ಲಾ ಹೋಯ್ತು" ಅಂತ ಕೈಬಿಡೋರು ನಮ್ಮವರೇ ಜಾಸ್ತಿ, ಯಾಕಂದರೆ ದಿನ ತಪ್ಪೋದು ನಮಗೇ ಜಾಸ್ತಿ. ಮುರಿದ ಸ್ಟ್ರೀಕನ್ನು ಉಳಿಸಿಕೊಳ್ಳೋ ಉಪಾಯವನ್ನೂ ಕೆಲವು ಆ್ಯಪ್‌ಗಳು ಮಾರ್ತವೆ. ಮೆಲುಕಿನ ಲೆಕ್ಕಕ್ಕೆ ಅಂಥ ಕೋಪ ಇಲ್ಲ. ಹತ್ತು ದಿನ ಬಿಟ್ಟು ಬಂದರೆ ರಾಶಿ ಬಿದ್ದಿರುತ್ತೆ, ದಿನಕ್ಕಿಷ್ಟು ಅಂತ ಕರಗಿಸಿದರೆ ಆಯ್ತು.

ಇನ್ನು ಕೆಲವರು "ದುಡ್ಡು ಕೊಟ್ಟರೆ ಗಂಭೀರವಾಗಿ ಕಲೀತಾರೆ" ಅಂತಾರೆ. ಹೇಳೋರು ಯಾರು ಅಂತ ನೋಡಿ. "ಮೂವತ್ತು ದಿನದಲ್ಲಿ ಚೈನೀಸ್, ಕೆಲಸ ಗ್ಯಾರಂಟಿ" ಅನ್ನೋ ರೀಲ್ಸ್ ಹಾಕೋರೇ ಹೆಚ್ಚು. ಹಳೆಯ ಎಚ್‌ಎಸ್‌ಕೆ ಪಟ್ಟಿ, ಅಂದರೆ ಚೀನಾ ಸರ್ಕಾರದ ಭಾಷಾ ಪರೀಕ್ಷೆಯ ಪದಪಟ್ಟಿ, ಮೊದಲ ಹಂತಕ್ಕೆ 150 ಪದ, ನಾಲ್ಕನೇ ಹಂತಕ್ಕೆ 1200, ಆರನೆಯದಕ್ಕೆ 5000 ಕೇಳುತ್ತೆ. ಸುಮಾರಾಗಿ ಮಾತಾಡೋ ಮಟ್ಟ ಅಂದರೆ ನಾಲ್ಕನೇ ಹಂತ. ಮೂವತ್ತು ದಿನಕ್ಕೆ ಭಾಗಿಸಿ, ದಿನಕ್ಕೆ 40 ಹೊಸ ಪದ. ಹೊಲ, ಕಾಲೇಜು, ಬಸ್ಸಿನ ನಡುವೆ ಯಾರ ಕೈಲಾಗುತ್ತೆ? ದಿನಕ್ಕೆ 5 ಅಂದರೆ 240 ದಿನ, ಎಂಟು ತಿಂಗಳು. ಇದು ನಂಬೋ ಲೆಕ್ಕ.

ಕನ್ನಡದಲ್ಲೇ ಯಾಕೆ ಬರೆದುಕೊಳ್ಳಬೇಕು

ಮೂರನೇ ಪ್ರಶ್ನೆಗೆ ಬರ್ತೀನಿ. ನನ್ನ ಜಗಳದ ಮುಖ್ಯ ಭಾಗ ಇದೇ.

ಚೈನೀಸ್ ಕಲಿಸೋ ಆ್ಯಪ್‌ಗಳು ಹೆಚ್ಚಾಗಿ ಇಂಗ್ಲಿಷ್ ಬಲ್ಲವರಿಗಾಗಿ ಮಾಡಿದ್ದು. ನಮ್ಮ ಹುಡುಗಿ ಚೀನೀ ಪದ ಕಲಿಯೋಕೆ ಮುಂಚೆ ಇಂಗ್ಲಿಷ್ ಅರ್ಥ ಬಿಡಿಸಬೇಕು. ಎರಡು ಗೋಡೆ ಹಾರಬೇಕು. ಎಡವಿದರೆ "ನನಗೆ ಭಾಷೆ ತಲೆಗೆ ಹತ್ತಲ್ಲ" ಅಂತ ತನ್ನನ್ನೇ ಬೈದುಕೊಳ್ತಾಳೆ. ತಲೆಗೆ ಹತ್ತದ್ದು ಇಂಗ್ಲಿಷು, ಚೈನೀಸಲ್ಲ.

ಉಚ್ಚಾರದಲ್ಲೂ ಇದೇ ತೊಂದರೆ. ಚೈನೀಸನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಪದ್ಧತಿಗೆ ಪಿನ್‌ಯಿನ್ ಅಂತಾರೆ. ಅದರಲ್ಲಿ 'ಬಿ' ಇರುವ ಕಡೆ ಚೀನೀಯರು ಹೇಳೋದು ನಮ್ಮ ಪಕಾರಕ್ಕೆ ಹತ್ತಿರದ ಸದ್ದು. 'ಪಿ' ಇರುವ ಕಡೆ ಉಸಿರು ಒತ್ತಿದ ಫ, ಫಲದ ಫ, ಫ್ಯಾನಿನ ಫ ಅಲ್ಲ. 'ಡಿ' ಅಂದರೆ ತ, 'ಟಿ' ಅಂದರೆ ಥ. 'ಜಿ' ಅಂದರೆ ಕ, 'ಕೆ' ಅಂದರೆ ಖ. ಅಲ್ಪಪ್ರಾಣ ಮಹಾಪ್ರಾಣ ಅಂತ ನಾವು ಮೂರನೇ ಕ್ಲಾಸಿನಲ್ಲೇ ತಿದ್ದಿದ ವ್ಯತ್ಯಾಸ ಅದು. ಇಂಗ್ಲಿಷ್ ಅಕ್ಷರಕ್ಕೆ ಅದನ್ನು ತೋರಿಸೋ ಶಕ್ತಿ ಇಲ್ಲ, ನಮ್ಮ ವರ್ಣಮಾಲೆಗೆ ಇದೆ. ನಮ್ಮ ಸೀಮೆಯ ಬಾಯಲ್ಲಿ ಮಹಾಪ್ರಾಣ ನಿಲ್ಲಲ್ಲ, ಧನ ದನ ಎರಡೂ ಒಂದೇ, ನಿಜ. ಆದರೆ ಕಣ್ಣಿಗೆ ಗೊತ್ತು, ಬಾಯಿಗೆ ರೂಢಿ ಮಾಡಿಸಬೇಕು ಅಷ್ಟೇ.

ಆದರೆ ಕನ್ನಡ ಅಕ್ಷರದಿಂದಲೂ ಆಗದ್ದು ಒಂದಿದೆ, ಅದು ಏರಿಳಿತ. ಚೈನೀಸಿನಲ್ಲಿ ನಾಲ್ಕು ಸ್ವರ ಇವೆ. ಸಮವಾಗಿ ಮೇಲೆ, ಕೆಳಗಿಂದ ಮೇಲೆ, ಕೆಳಕ್ಕೆ ಇಳಿದು ಏರೋದು, ಮೇಲಿಂದ ಧೊಪ್ಪನೆ ಕೆಳಗೆ. 'ಮಾಯ್' ಅನ್ನೋದನ್ನು ಇಳಿಸಿ ಏರಿಸಿದರೆ ಕೊಳ್ಳೋದು. ಧೊಪ್ಪನೆ ಇಳಿಸಿದರೆ ಮಾರೋದು. ಕೊಳ್ಳೇಗಾಲದ ಸಂತೆಯಲ್ಲಿ ಕೊಳ್ಳೋದು ಮಾರೋದು ಅದಲು ಬದಲಾದರೆ ಏನಾಗುತ್ತೆ ಯೋಚಿಸಿ. 'ಮಾ' ಅಂದರೆ ಒಂದು ಸ್ವರದಲ್ಲಿ ಅಮ್ಮ, ಇನ್ನೊಂದರಲ್ಲಿ ಕುದುರೆ, ಮತ್ತೊಂದರಲ್ಲಿ ಬೈಯೋದು. ಹಾಗಾಗಿ ಧ್ವನಿ ಇಲ್ಲದ ಚೀಟಿ ಚೈನೀಸಿಗೆ ಉಪಯೋಗಕ್ಕೆ ಬರಲ್ಲ. ಚೀಟಿಗಳ ಕಟ್ಟು ಇಳಿಸಿಕೊಳ್ಳುವಾಗ ಧ್ವನಿ ಇದೆಯಾ ಅಂತ ಮೊದಲು ನೋಡಿ. ಕಿವಿಯಲ್ಲಿ ಕೇಳಿ, ಜೋರಾಗಿ ಹೇಳಿ, ಆಮೇಲೆ ಹಿಂಭಾಗ ತಿರುಗಿಸಿ. ದನ ಕಾಯೋ ಕಡೆ ಜೋರಾಗಿ ಹೇಳಿದರೆ ಕೇಳೋರು ಯಾರಿದ್ದಾರೆ?

ಇದರ ಜೊತೆಗೆ ಒಂದು ಮಾತು. ಒಡೆಯರಪಾಳ್ಯದ ಕ್ಯಾಂಪಿನವರ ಹತ್ತಿರ ಹೋಗಿ "ಚೈನೀಸ್ ಹೇಳಿಕೊಡಿ" ಅನ್ನಬೇಡಿ. ಅವರು ಟಿಬೆಟ್‌ನವರು, 1970ರ ದಶಕದಿಂದ ನಮ್ಮ ನೆರೆಯವರು. ಟಿಬೆಟನ್ ಬೇರೆ ಭಾಷೆ. ಅದರ ಲಿಪಿ ನಮ್ಮ ಲಿಪಿಯ ಹಾಗೇ ಬ್ರಾಹ್ಮಿಯ ಕಡೆಯಿಂದ ಬಂದದ್ದು, ಕ ಖ ಗ ಅಂತಲೇ ಶುರುವಾಗುತ್ತೆ. ಐವತ್ತು ವರ್ಷದ ನೆರೆಯವರನ್ನು ಇನ್ನೂ ಚೀನಾದವರು ಅನ್ನೋದು ನಮಗೆ ಶೋಭೆ ಅಲ್ಲ.

ಶುರು ಮಾಡೋದು ಹೇಗೆ

ಮೊದಲು ತೀರ್ಮಾನಿಸಿ, ಸರಳ ಅಕ್ಷರವಾ, ಹಳೆಯ ಅಕ್ಷರವಾ. ಚೀನಾದಲ್ಲಿ ಸರಳಗೊಳಿಸಿದ ಅಕ್ಷರ, ತೈವಾನಿನಲ್ಲಿ ಹಳೆಯ ಪೂರ್ತಿ ಅಕ್ಷರ. ಮಾತು ಹೆಚ್ಚುಕಮ್ಮಿ ಒಂದೇ. ಯಾವ ಕಂಪನಿಯ ಕನಸು ಇಟ್ಟುಕೊಂಡಿದ್ದೀರೋ ಅದರ ಮೇಲೆ ಹೋಗುತ್ತೆ. ಗೊತ್ತಿಲ್ಲದಿದ್ದರೆ ಸರಳ ಅಕ್ಷರದಿಂದ ಶುರು ಮಾಡಿ, ಪುಸ್ತಕ, ಪಟ್ಟಿ ಎಲ್ಲ ಅದರಲ್ಲೇ ಜಾಸ್ತಿ.

ಪೇಟೆಗೆ ಹೋದಾಗ, ನೆಟ್ ಚೆನ್ನಾಗಿರೋ ಕಡೆ, ಆಂಕಿಡ್ರಾಯ್ಡ್ ಮತ್ತು ಎಚ್‌ಎಸ್‌ಕೆ ಮೊದಲ ಹಂತದ ಧ್ವನಿ ಇರೋ ಡೆಕ್ ಇಳಿಸಿಕೊಳ್ಳಿ. ಆಮೇಲೆ ಆ 150 ಪದಕ್ಕೆ ಕನ್ನಡ ಅರ್ಥ ನೀವೇ ಟೈಪ್ ಮಾಡಿ. ಟೈಪ್ ಮಾಡೋ ಕೆಲಸವೇ ಅರ್ಧ ಕಲಿಕೆ.

ದಿನಕ್ಕೆ ಹೊಸ ಪದ 20 ಅಂತ ಆ್ಯಪ್ ತಾನೇ ಇಟ್ಟಿರುತ್ತೆ. ಅದನ್ನು 5ಕ್ಕೆ ಇಳಿಸಿ. ಹೊಸ ಪದ ಒಂದಕ್ಕೆ ದಿನದ ಮೆಲುಕು ಏಳೆಂಟು ಬರುತ್ತೆ ಅನ್ನೋದು ಬಳಸೋರ ಅಂದಾಜು. 5 ಹೊಸದು ಅಂದರೆ ದಿನಕ್ಕೆ ಸುಮಾರು 40 ಮೆಲುಕು, ಹತ್ತು ನಿಮಿಷ. 20 ಇಟ್ಟರೆ ತಿಂಗಳೊಳಗೆ ರಾಶಿ ನೋಡಿ ಹೆದರಿ ಓಡ್ತೀರಿ. ಆಂಕಿ ಬಿಟ್ಟವರಲ್ಲಿ ಹೆಚ್ಚಿನವರು ಹೀಗೇ ಬಿಟ್ಟದ್ದು.

ನಾಲ್ಕು ಗುಂಡಿ ಇರ್ತವೆ: ಅಗೇನ್, ಹಾರ್ಡ್, ಗುಡ್, ಈಸಿ. ಮರೆತಿದ್ದರೆ ಅಗೇನ್ ಒತ್ತಿ. ಮರೆತು ಹಾರ್ಡ್ ಒತ್ತಬೇಡಿ. ಹಾರ್ಡ್ ಅಂದರೆ "ಕಷ್ಟಪಟ್ಟು ನೆನಪಾಯ್ತು" ಅಂತ ಆ್ಯಪ್ ತಿಳಿಯುತ್ತೆ, ಮುಂದಿನ ಸಲ ತಡವಾಗಿ ಕೇಳುತ್ತೆ, ಪದ ಕೈತಪ್ಪುತ್ತೆ. ಮೊದಮೊದಲು ಅಗೇನ್, ಗುಡ್ ಎರಡೇ ಸಾಕು. ಸೆಟ್ಟಿಂಗ್ಸಿನಲ್ಲಿ ಎಫ್‌ಎಸ್‌ಆರ್‌ಎಸ್ ಅಂತ ಇದ್ದರೆ ಆನ್ ಮಾಡಿ.

ಮನೆಯಲ್ಲಿ ಒಂದೇ ಫೋನ್, ಅದೂ ಅಣ್ಣನ ಜೇಬಿನಲ್ಲಿ ಅನ್ನೋ ತಂಗಿಯರಿಗೆ ಲೈಟ್ನರನ ಡಬ್ಬಿ ಇದೆ. ಹಳೆ ಮದುವೆ ಪತ್ರಿಕೆ ಕತ್ತರಿಸಿ ಚೀಟಿ ಮಾಡಿ, ಒಂದು ಕಡೆ ಪದ, ಇನ್ನೊಂದು ಕಡೆ ಕನ್ನಡ. ಚಪ್ಪಲಿ ಡಬ್ಬಿಯನ್ನು ಐದು ಖಾನೆ ಮಾಡಿ. ಹೊಸ ಚೀಟಿ ಮೊದಲ ಖಾನೆಗೆ, ಅದನ್ನು ದಿನಾ ನೋಡಿ. ಸರಿಯಾದರೆ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಎರಡನೇ ಖಾನೆ ಎರಡು ದಿನಕ್ಕೊಮ್ಮೆ, ಮೂರನೆಯದು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದು ವಾರಕ್ಕೊಮ್ಮೆ, ಐದನೆಯದು ಹದಿನೈದು ದಿನಕ್ಕೊಮ್ಮೆ. ಚೈನೀಸಿಗೆ ಧ್ವನಿ ಬೇಕಾದ್ದರಿಂದ ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಕೇಳಿಸಿಕೊಳ್ಳಬೇಕು. ಇಂಗ್ಲಿಷಿಗೆ, ವಿಜ್ಞಾನದ ಪದಗಳಿಗೆ, ಕೆಪಿಎಸ್‌ಸಿ ಪರೀಕ್ಷೆಯ ಇಸವಿಗಳಿಗೆ ಡಬ್ಬಿಯೊಂದೇ ಸಾಕು. ಚೈನೀಸ್ ಬೇಡ ಅನ್ನೋರಿಗೂ ಈ ಬರಹ ಅದಕ್ಕೇ ಬೇಕು. ಆಂಕಿಗೆ ನೀವು ಏನು ಹಾಕಿದರೂ ಅದು ನೆನಪಿಸುತ್ತೆ.

ಕೆಲಸ ಕೊಡಿಸುತ್ತಾ?

ಗ್ಯಾರಂಟಿ ಇಲ್ಲ. ಪದ ಕಲಿತವರಿಗೆ ಬಡ್ತಿ ಅಂತ ಯಾವ ಕಂಪನಿಯೂ ಬರೆದುಕೊಟ್ಟಿಲ್ಲ. ನರಸಾಪುರದಲ್ಲಿ 2020ರ ಡಿಸೆಂಬರ್‌ನಲ್ಲಿ ಗಲಾಟೆ ಆದದ್ದು ಸಂಬಳ ಸರಿಯಾಗಿ ಬರದೆ, ಭಾಷೆ ಬಾರದೆ ಅಲ್ಲ. ಕೂಲಿ, ಕೆಲಸದ ಗಂಟೆ, ಗುತ್ತಿಗೆ, ಇವು ಪದದಿಂದ ಬಗೆಹರಿಯೋ ವಿಷಯವಲ್ಲ. ಮತ್ತೆ ಸಾವಿರ ಪದ ಬಂದ ಮಾತ್ರಕ್ಕೆ ಮಾತು ಬರಲ್ಲ. ಮಾತಿಗೆ ಮನುಷ್ಯರು ಬೇಕು, ವಾಕ್ಯ ಕೇಳಬೇಕು, ತಪ್ಪು ಮಾತಾಡಬೇಕು. ಆಂಕಿ ಬರೀ ಬಿತ್ತನೆ ಬೀಜದ ಡಬ್ಬಿ.

ಇದನ್ನು ಹೇಳದೆ ಆ್ಯಪ್ ಮಾರೋದು ಮೋಸ. ಹೇಳಿದ ಮೇಲೂ ಕಲೀತೀನಿ ಅನ್ನೋರನ್ನು ತಡೆಯೋದು ಅದಕ್ಕಿಂತ ದೊಡ್ಡ ಮೋಸ. ಗುಣಮಟ್ಟದ ಸೂಚನೆ ಚೈನೀಸಿನಲ್ಲಿದ್ದಾಗ ಅದನ್ನು ಓದಬಲ್ಲ ನಮ್ಮ ಊರಿನ ಹುಡುಗಿಗೆ ಅದರ ಉಪಯೋಗ ಅವಳಿಗೇ ಗೊತ್ತಾಗುತ್ತೆ, ಬೆಲೆ ಕಟ್ಟೋಕೆ ನಾವು ಯಾರು?

ಕೊನೆಗೆ ಒಂದು ಬೇಡಿಕೆ, ಅದು ಆ್ಯಪ್ ಕಂಪನಿಗಳಿಗಲ್ಲ, ನಮ್ಮವರಿಗೇ. ಗ್ರಾಮ ಪಂಚಾಯ್ತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಕಂಪ್ಯೂಟರ್ ಕೊಟ್ಟಿರೋ ಕಡೆ ಅದಕ್ಕೆ ಆಂಕಿ ಹಾಕಿ. ಕಂಪ್ಯೂಟರಿಗೂ ಅದು ಪುಕ್ಕಟೆ. ಕನ್ನಡ ಅರ್ಥದ ಇಂಗ್ಲಿಷ್ ಡೆಕ್ ಒಂದು, ಚೈನೀಸ್ ಡೆಕ್ ಒಂದು, ತಮಿಳು ಓದು ಬರಹದ್ದು ಒಂದು ಇಡಿ. ಫೋನ್ ತಂದವರು ಕೇಬಲ್ ಹಾಕಿ ತುಂಬಿಕೊಂಡು ಹೋಗಲಿ. ಕಾಲೇಜಿಗೆ ಹೋಗೋ ಹತ್ತು ಜನ ತಲಾ 15 ಪದಕ್ಕೆ ಕನ್ನಡ ಅರ್ಥ ಬರೆದರೆ ಮೊದಲ ಹಂತದ 150 ಪದ ಒಂದು ಭಾನುವಾರದಲ್ಲಿ ಮುಗಿಯುತ್ತೆ. ಆ ಫೈಲು ಹೂಗ್ಯಂನಿಂದ ಮಾರ್ಟಳ್ಳಿಗೆ, ರಾಮಾಪುರಕ್ಕೆ, ಹನೂರಿಗೆ, ಯಳಂದೂರಿಗೆ ವಾಟ್ಸಾಪಿನಲ್ಲೇ ಹೋಗುತ್ತೆ. ಯಾರೂ ಚಂದಾ ಕೇಳಲ್ಲ.

ಬರೆಯೋಕೆ ಯಾರು ತಯಾರಿದ್ದೀರಿ, ನಿಮ್ಮ ಪಂಚಾಯ್ತಿ ಅರಿವು ಕೇಂದ್ರದಲ್ಲಿ ಹೆಸರು ಕೊಡಿ. ಕೇಂದ್ರ ಬೀಗ ಹಾಕಿದ್ದರೆ ಯಾಕೆ ಹಾಕಿದ್ದೀರಿ ಅಂತ ಕೇಳಿ. ಅದೂ ಒಂದು ಪಾಠವೇ.